ನೋಡುವ ಆಟ, ಆಡುವ ಆಟ



ಕ್ರೀಡಾಭಿರುಚಿ ಮತ್ತು ರಾಷ್ಟ್ರೀಯ ಅಸ್ಮಿತೆ ಎಂಬ ವಿಷಯದ ಮೇಲಿನ ಸಂಕಿರಣವನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಟ್ಟುಕೊಳ್ಳದೆ ಹಂಗಳದಲ್ಲಿ ಇಟ್ಟುಕೊಂಡಿದ್ದೀರಿ. ಇದು ಸರಿಯಾದ ತೀರ್ಮಾನ. ಹಂಗಳ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ನಮ್ಮ ರಾಜ್ಯದ ಸರ್ಕಾರಿ ಶಾಲೆಯ ಮಗು ತನ್ನ ಊರಿನ ಹೆಸರು ಹೊತ್ತು ಇನ್ನೊಂದು ಊರಿನ ಮಕ್ಕಳೆದುರು ಆಡುವುದಕ್ಕೆ ಶುರುಮಾಡುವುದೇ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ. ಅಲ್ಲಿ ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಒಂದೊಂದು ಮೆಟ್ಟಿಲು ಹತ್ತಿದಂತೆ ಅಂಗಿಯ ಮೇಲಿನ ಹೆಸರು ಬದಲಾಗುತ್ತದೆ, ‘ನಾವು’ ಎನ್ನುವುದು ದೊಡ್ಡದಾಗುತ್ತದೆ. ರಾಷ್ಟ್ರೀಯ ಅಸ್ಮಿತೆಯ ಬಗ್ಗೆ ಎಷ್ಟು ಪುಸ್ತಕ ಓದಿದರೂ ಹನ್ನೆರಡು ವರ್ಷದ ಮಗುವಿಗೆ ಅದು ಹೀಗೆ ಮೈಗೆ ಹತ್ತುವಂತೆ ಹತ್ತುವುದಿಲ್ಲ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸಮಾಜಕ್ಕೆ ನೋಡುವ ಆಟದಿಂದ ಹೆಮ್ಮೆ ಬರುತ್ತದೆ, ಆಡುವ ಆಟದಿಂದ ನಡತೆ ಬರುತ್ತದೆ. ನಮ್ಮಲ್ಲಿ ಈ ಎರಡೂ ದೂರ ದೂರ ಸರಿಯುತ್ತಿವೆ. ವಿದ್ವಾಂಸರು ಬರೆದದ್ದೆಲ್ಲ ಹೆಚ್ಚುಕಡಿಮೆ ನೋಡುವ ಆಟದ ಬಗ್ಗೆಯೇ. ಆಡುವ ಆಟದ ಲೆಕ್ಕ ಇಟ್ಟವರು ಕಡಿಮೆ.

ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. 2012ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಗೆ ಕೇಂದ್ರ ಕ್ರೀಡಾ ಸಚಿವಾಲಯ ಕೊಟ್ಟ ಉತ್ತರದ ಪ್ರಕಾರ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ. ಆದೇಶವಿಲ್ಲದೆಯೇ ಹಾಕಿ ಆ ಸ್ಥಾನ ಪಡೆದಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್ ಚಿನ್ನ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ 1948ರ ಲಂಡನ್. ಸ್ವಾತಂತ್ರ್ಯ ಬಂದು ಒಂದೇ ವರ್ಷಕ್ಕೆ, ಆಳಿದವರ ರಾಜಧಾನಿಯಲ್ಲೇ ಬ್ರಿಟನ್ ತಂಡವನ್ನು 4–0ಯಿಂದ ಸೋಲಿಸಿದ ಆಟವನ್ನು ಜನ ತಮ್ಮದು ಎನ್ನದೆ ಇನ್ನೇನು ಮಾಡಿಯಾರು? ಇದಕ್ಕೆ ಎದುರಾಗಿ ಬಾಂಗ್ಲಾದೇಶವನ್ನು ನೋಡಿ. ಅಲ್ಲಿ ಕಬಡ್ಡಿ ರಾಷ್ಟ್ರೀಯ ಕ್ರೀಡೆ, ಜನ ಹುಚ್ಚಾಗುವುದು ಕ್ರಿಕೆಟ್ಟಿಗೆ. ಅರ್ಜೆಂಟೀನಾ 1953ರಲ್ಲಿ ಕುದುರೆಯ ಮೇಲೆ ಕೂತು ಆಡುವ ಪಾಟೋ ಎಂಬ ಆಟವನ್ನು ರಾಷ್ಟ್ರೀಯ ಕ್ರೀಡೆ ಮಾಡಿತು. ಆ ದೇಶದ ಹೆಸರು ಕೇಳಿದರೆ ಜಗತ್ತಿಗೆ ನೆನಪಾಗುವುದು ಫುಟ್‌ಬಾಲ್. ಅಭಿರುಚಿ ಸರ್ಕಾರದ ಮಾತು ಕೇಳುವುದಿಲ್ಲ.

ಹಾಗಾದರೆ ಅದು ಯಾರ ಮಾತು ಕೇಳುತ್ತದೆ? ನನ್ನ ಉತ್ತರ: ಮೈದಾನದ ಮಾತು, ದುಡ್ಡಿನ ಮಾತು, ಪರದೆಯ ಮಾತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಹುಲ್ಲಿನಿಂದ ಕೃತಕ ಹಾಸಿಗೆ ಹೋಯಿತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಮೇಲೆ ಡ್ರಿಬ್ಲಿಂಗ್ ಕಲಿತ ಹುಡುಗನ ಕೈಚಳಕ ಅರ್ಧಕ್ಕರ್ಧ ಬೆಲೆ ಕಳೆದುಕೊಂಡಿತು. ಅಂಥ ಹಾಸು ಹಾಕಿಸಿಕೊಳ್ಳುವ ಶಕ್ತಿ ಯಾವ ಹಳ್ಳಿ ಶಾಲೆಗೂ ಇರಲಿಲ್ಲ. ಮುಂದೆ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಆ ಬಣ್ಣದಲ್ಲಿ ದೇಶ ನೋಡಿದ್ದು ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು 1–7ರ ಸೋಲನ್ನು. ಏಳು ತಿಂಗಳು ಕಳೆಯುವುದರೊಳಗೆ, 1983ರ ಜೂನ್ 25ರಂದು, ಅದೇ ದೂರದರ್ಶನದಲ್ಲಿ ಲಾರ್ಡ್ಸ್‌ನ ಬಾಲ್ಕನಿಯಲ್ಲಿ ಕಪಿಲ್ ದೇವ್ ಕಪ್ ಹಿಡಿದು ನಿಂತಿದ್ದರು. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ರೋಜರ್ ಬಿನ್ನಿ. ಒಂದು ಪೀಳಿಗೆಯ ಮನಸ್ಸು ಹಾಕಿಯಿಂದ ಕ್ರಿಕೆಟ್ಟಿಗೆ ಹೊರಳಿದ್ದು ಈ ಏಳು ತಿಂಗಳಲ್ಲಿ ಎಂದರೆ ಸ್ವಲ್ಪ ಬಿಡುಬೀಸಾದ ಮಾತಾದೀತು. ಆದರೂ ಆ ಹೊರಳುವಿಕೆಗೆ ಇದಕ್ಕಿಂತ ಸ್ಪಷ್ಟವಾದ ಗುರುತು ನನಗೆ ಸಿಕ್ಕಿಲ್ಲ.

ಕರ್ನಾಟಕದ್ದೇ ಒಂದು ಪ್ರಸಂಗವಿದೆ. ಅದರ ಬಗ್ಗೆ ಯಾಕೆ ಹೆಚ್ಚು ಚರ್ಚೆಯಾಗಿಲ್ಲ ಎಂದು ನನಗೆ ಆಶ್ಚರ್ಯ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹಳೆ ಮೈಸೂರಿನವರಾದ ನಮ್ಮಲ್ಲಿ ಹಲವರಿಗೆ ಆ ಹೊಸ ಹೆಸರು ಒಗ್ಗಿರಲಿಲ್ಲ, ಈ ಭಾಗದ ಹಿರಿಯರು ಅದನ್ನು ಬಲ್ಲರು. ರಣಜಿ ಟ್ರೋಫಿಯಲ್ಲಿ ಅದುವರೆಗೂ ಮೈಸೂರು ಎಂಬ ಹೆಸರಲ್ಲಿ ಆಡುತ್ತಿದ್ದ ತಂಡ ಅದೇ ಋತುವಿನಲ್ಲಿ ಕರ್ನಾಟಕ ಎಂಬ ಹೆಸರಲ್ಲಿ ಇಳಿಯಿತು. ಎದುರಿಗಿದ್ದ ಬಾಂಬೆ ಸತತ 15 ವರ್ಷ ಟ್ರೋಫಿ ಗೆದ್ದಿದ್ದ ತಂಡ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ನಾಯಕ ಎರಪಳ್ಳಿ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಮೊದಲ ಇನ್ನಿಂಗ್ಸ್ ಮುನ್ನಡೆಯ ಮೇಲೆ ಬಾಂಬೆ ಹೊರಬಿತ್ತು. ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಎತ್ತಿತು. ಬೀದರ್‌ನವರೂ ಗುಂಡ್ಲುಪೇಟೆಯವರೂ ಒಂದೇ ಗೆಲುವಿಗೆ ಕೈತಟ್ಟಿದರು. ಹೊಸ ಹೆಸರನ್ನು ಶಾಸನಸಭೆ ಕೊಟ್ಟಿತು, ಅದಕ್ಕೆ ಮೊದಲ ಸಂತೋಷ ಕೊಟ್ಟವರು ಈ ಹನ್ನೊಂದು ಮಂದಿ. ನೋಡುವ ಆಟದ ಶಕ್ತಿಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಆ ಶಕ್ತಿಗೆ ಇನ್ನೊಂದು ಮುಖವೂ ಇದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದಿತು. ಹದಿನೆಂಟು ವರ್ಷದ ಕಾಯುವಿಕೆ ಅದು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಅವರಲ್ಲಿ ಹೆಚ್ಚಿನವರು ಎಳೆಯರು. ತಮ್ಮದೆಂದು ನಂಬಿದ ತಂಡವನ್ನು ಒಂದು ಸಲ ಕಣ್ಣಾರೆ ಕಾಣಬೇಕೆಂದು ಬಂದವರು. ಆ ಮನೆಗಳ ದುಃಖದ ಮುಂದೆ ಅಸ್ಮಿತೆ ಎಂಬ ಪದವನ್ನು ಉಚ್ಚರಿಸುವಾಗ ನಾವು ಎಚ್ಚರವಾಗಿರಬೇಕು. ಮೈದಾನಕ್ಕಿಳಿದು ಆಡುವ ಅವಕಾಶ ಎಂದೂ ಸಿಗದ ಲಕ್ಷಾಂತರ ಮಕ್ಕಳಿಗೆ ಗೇಟಿನ ಹೊರಗೆ ನಿಲ್ಲುವುದೊಂದೇ ಉಳಿದ ಪಾಲು ಎಂದಾದರೆ ಆ ಅಭಿರುಚಿಯಲ್ಲಿ ಏನೋ ಕೊರತೆಯಿದೆ.

ಈಗ ಆಡುವ ಆಟಕ್ಕೆ ಬರುತ್ತೇನೆ. ಹೋಬಳಿ ಕ್ರೀಡಾಕೂಟದ ಹಿಂದಿನ ಸಂಜೆ ಶಾಲೆಯ ಮೈದಾನದಲ್ಲಿ ಮೇಷ್ಟ್ರು ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಕಬಡ್ಡಿ ಅಂಕಣದ ಗೆರೆ ಎಳೆಸುತ್ತಾರೆ. ಮಕ್ಕಳು ಕಲ್ಲು ಆಯುತ್ತಾರೆ, ನೀರು ಚಿಮುಕಿಸುತ್ತಾರೆ. ಬೆಳಿಗ್ಗೆ ಆಟ ಶುರುವಾಗುತ್ತದೆ. ಕಬಡ್ಡಿಯಲ್ಲಿ ಮುಟ್ಟುವುದೇ ಆಟ. ದಾಳಿಗೆ ಬಂದವನ ಕಾಲನ್ನು ಒಬ್ಬ ಹಿಡಿಯುತ್ತಾನೆ, ಸೊಂಟವನ್ನು ಇನ್ನೊಬ್ಬ ಅಪ್ಪುತ್ತಾನೆ, ನಾಲ್ಕು ಮೈಗಳ ಬೆವರು ಒಂದಾಗಿ ಮಣ್ಣಿಗೆ ಬೀಳುತ್ತದೆ. ಊರು ಬೇರೆ, ಕೇರಿ ಬೇರೆ, ಹೋಟೆಲಿನ ಲೋಟ ಬೇರೆ ಎಂದು ಬದುಕಿದ ಸಮಾಜವಿದು. ಇಲ್ಲಿ ಮುಟ್ಟದೆ ಆಡಲಾಗದ ಆಟವೊಂದು ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿ ಇರುವುದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ನಾವು ಇನ್ನೂ ಪೂರ್ತಿ ಅರಿತಿಲ್ಲ.

ನಮ್ಮದೇ ನೆಲದಲ್ಲಿ, ಧಾರವಾಡದಲ್ಲಿ ಹುಟ್ಟಿದ ಪಳವಣಕರ್ ಬಾಳೂ ಅವರನ್ನು ಇಲ್ಲಿ ನೆನೆಯಬೇಕು. ದಲಿತ ಕುಟುಂಬದ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಹಿಂದೂಗಳ ತಂಡಕ್ಕೆ ಆಡುವಾಗ ಮೈದಾನದೊಳಗೆ ಸವರ್ಣೀಯರು ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾದ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್‌ನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ಅವರು 114 ವಿಕೆಟ್ ತೆಗೆದರು. ಭಾರತ ಎಂಬ ಹೆಸರಿನ ತಂಡ ವಿದೇಶದಲ್ಲಿ ಗೌರವ ಗಳಿಸಿದ್ದು ಇವರ ಬೆರಳುಗಳಿಂದ. ಆಟ ಜಾತಿಯನ್ನು ಅಳಿಸುತ್ತದೆ ಎಂದು ಸುಲಭವಾಗಿ ಹೇಳುವವರಿಗೆ ಬಾಳೂ ಅವರ ಕುಡಿಕೆಯನ್ನು ತೋರಿಸಬೇಕು. ಆಟದಿಂದ ಏನೂ ಆಗದು ಎನ್ನುವವರಿಗೆ ಇನ್ನೊಂದು ಮಾತು: 1923ರಲ್ಲಿ ಅವರ ತಮ್ಮ ವಿಠಲ್ ಹಿಂದೂಗಳ ತಂಡದ ನಾಯಕರಾದರು. ನಮ್ಮ ಕಬಡ್ಡಿ ಅಂಕಣದ ಬದಿಯಲ್ಲಿ ಇವತ್ತು ನೀರಿನ ಲೋಟ ಒಂದೇ ಇದೆಯೇ, ಎರಡಿವೆಯೇ? ಇದು ಈ ಸಂಕಿರಣ ಕೇಳಬೇಕಾದ ಪ್ರಶ್ನೆ.

ಹಳೆಯ ಆಟಗಳೆಲ್ಲ ನಮ್ಮವು, ಆದ್ದರಿಂದ ಒಳ್ಳೆಯವು ಎಂದು ನಾನು ವಾದಿಸುವುದಿಲ್ಲ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣದ ಜಟ್ಟಿಗಳ ಜತೆ ನಮ್ಮ ಚಾಮರಾಜನಗರದ ಜಟ್ಟಿಯೂ ಹೋಗುವುದು ಸಂಪ್ರದಾಯ. ತಲೆ ಬೋಳಿಸಿ ಜುಟ್ಟು ಬಿಟ್ಟು, ಮುಷ್ಟಿಗೆ ಆಯುಧ ತೊಟ್ಟು ನಿಲ್ಲುತ್ತಾರೆ. ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಅದು ಒಂದು ಸಂಸ್ಥಾನ ತನ್ನನ್ನು ಕಂಡುಕೊಂಡ ಬಗೆ: ಅರಸ, ಅವನ ಮುಂದೆ ರಕ್ತ ಕೊಡುವ ಜಟ್ಟಿ, ಸುತ್ತ ನಿಂತು ನೋಡುವ ಪ್ರಜೆ. ಆ ಕಲೆಗೆ ನನ್ನ ಗೌರವವಿದೆ. ಪ್ರಜಾಪ್ರಭುತ್ವಕ್ಕೆ ಬೇಕಾದ್ದು ಮಾತ್ರ ಹೋಬಳಿಯ ಅಂಕಣ.

ನಮ್ಮ ಆಟವನ್ನು ಇನ್ನೊಬ್ಬರ ಅಳತೆಗೋಲಿನಿಂದ ಅಳೆಯುವ ಚಾಳಿಯೂ ನಮಗಿದೆ. 2020ರ ಫೆಬ್ರುವರಿಯಲ್ಲಿ ಕರಾವಳಿಯ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಕೂಡಲೇ ದೇಶವೆಲ್ಲ ಅದನ್ನು ನೂರು ಮೀಟರಿಗೆ ಭಾಗಿಸಿ ಉಸೇನ್ ಬೋಲ್ಟ್ ಪಕ್ಕದಲ್ಲಿಟ್ಟಿತು. ಕ್ರೀಡಾ ಪ್ರಾಧಿಕಾರ ಟ್ರಯಲ್‌ಗೆ ಕರೆಯಿತು. ಗೌಡರು ಒಲ್ಲೆ ಎಂದರು. ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂಬ ತಿಳಿವಳಿಕೆ ಅವರಲ್ಲಿತ್ತು. ಕೆಸರಿನಲ್ಲಿ ಹಗ್ಗ ಹಿಡಿದು ಓಡುವವನನ್ನು ಹಾಗೆಯೇ ಮೆಚ್ಚಲು ನಮಗೆ ಬೋಲ್ಟ್ ಯಾಕೆ ಬೇಕಾಯಿತು?

ನೋಡುವ ಆಟವೂ ಆಡುವ ಆಟವೂ ಒಂದೇ ಆಗಿರುವ ಜಾಗಗಳಿವೆ. ಐರ್ಲೆಂಡ್‌ನಲ್ಲಿ 1884ರಲ್ಲಿ ಹುಟ್ಟಿದ ಗೇಲಿಕ್ ಕ್ರೀಡಾ ಸಂಘ ಹರ್ಲಿಂಗ್, ಗೇಲಿಕ್ ಫುಟ್‌ಬಾಲ್‌ಗಳನ್ನು ಊರೂರಿನ ಕ್ಲಬ್ಬುಗಳ ಮೇಲೆ ಕಟ್ಟಿತು. ಆಟಗಾರರಿಗೆ ಸಂಬಳವಿಲ್ಲ. ಅದೇ ಸಂಘ 1971ರವರೆಗೆ ಇಂಗ್ಲಿಷರ ಆಟ ಆಡಿದವರನ್ನು ಹೊರಹಾಕುತ್ತಿತ್ತು. ಆ ಬಿಗಿತ ನಮಗೆ ಬೇಡ. ನಮ್ಮ ಕೊಡಗು ಇನ್ನೂ ಚೆಂದದ ದಾರಿ ತೋರಿಸಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿಗೆ ಬರುವ ಹೊತ್ತಿಗೆ 360 ಕುಟುಂಬಗಳ ತಂಡಗಳಾದವು. ಒಂದೇ ತಂಡದಲ್ಲಿ ಮಾವ, ಸೊಸೆ, ಮೊಮ್ಮಗ ಸ್ಟಿಕ್ ಹಿಡಿಯಬಹುದು. ಇಂಗ್ಲಿಷರಿಂದ ಬಂದ ಆಟ ಮನೆತನದ ಹೆಸರಿನ ಜತೆ ಸೇರಿಕೊಂಡಿದೆ.

ಹಂಗಳದವರಿಗೆ ಗಡಿ ಎಂದರೆ ನಿತ್ಯದ ವಿಷಯ. ಹಂಗಳದ ರಸ್ತೆ ಊಟಿಗೆ ಹೋಗುತ್ತದೆ. ಗುಂಡ್ಲುಪೇಟೆಯಿಂದ ಒಡೆಯುವ ಇನ್ನೊಂದು ರಸ್ತೆ ಸುಲ್ತಾನ್ ಬತ್ತೇರಿ ದಾಟಿ ಕೋಯಿಕ್ಕೋಡ್ ಸೇರುತ್ತದೆ. 2022ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನ ಜನ ಹೊಳೆಯಲ್ಲಿ ಮೆಸ್ಸಿ, ನೇಯ್ಮಾರ್, ರೊನಾಲ್ಡೊ ಅವರ ದೈತ್ಯ ಕಟೌಟ್ ನಿಲ್ಲಿಸಿದರು. ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್ 1990ರಲ್ಲಿ, ವಲಸಿಗರು ಯಾವ ಕ್ರಿಕೆಟ್ ತಂಡಕ್ಕೆ ಜೈ ಎನ್ನುತ್ತಾರೆ ಎಂಬುದರಿಂದ ಅವರ ನಿಷ್ಠೆ ಅಳೆಯಬೇಕು ಎಂದಿದ್ದರು. ಆ ಪರೀಕ್ಷೆ ಇಟ್ಟರೆ ಪುಳ್ಳಾವೂರಿನ ಅರ್ಧ ಊರು ಅರ್ಜೆಂಟೀನಾಕ್ಕೆ, ಅರ್ಧ ಬ್ರೆಜಿಲ್‌ಗೆ ಸೇರಬೇಕಾಗುತ್ತದೆ. ಆಟದ ಪ್ರೀತಿಯನ್ನು ದೇಶಭಕ್ತಿಯ ಪರೀಕ್ಷೆ ಮಾಡುವವರು ಆಟವನ್ನೂ ದೇಶವನ್ನೂ ಸಣ್ಣದು ಮಾಡುತ್ತಾರೆ.

ಕೊನೆಯದಾಗಿ ನಮ್ಮ ನೆರೆಯ ಜಿಲ್ಲೆಯ ಒಬ್ಬ ಹುಡುಗಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಫೈನಲ್‌ನ ಶ್ರೇಷ್ಠ ಆಟಗಾರ್ತಿ ಬಿ. ಚೈತ್ರಾ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಖೋ-ಖೋದಲ್ಲಿ ಕುಳಿತವಳು ತಾನಾಗಿ ಎದ್ದು ಓಡುವಂತಿಲ್ಲ. ಓಡಿ ದಣಿದವಳು ಬೆನ್ನು ಮುಟ್ಟಿ ‘ಖೋ’ ಎಂದು ತನ್ನ ಜಾಗ ಕೊಡಬೇಕು. ಇದಕ್ಕೆ ಬೂಟು ಬೇಡ, ಬ್ಯಾಟು ಬೇಡ, ಎರಡು ಕಂಬ ಮತ್ತು ಸಮತಟ್ಟಾದ ಮಣ್ಣು ಸಾಕು. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಈ ಆಟ ಸಿಕ್ಕಿದ್ದು ಅದಕ್ಕೇ. ಗೆದ್ದು ಬಂದ ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಅವರಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದು 2.25 ಕೋಟಿ. ಚೈತ್ರಾ, ಗೌತಮ್ ಇಬ್ಬರೂ ಆ 5 ಲಕ್ಷವನ್ನು ನಿರಾಕರಿಸಿದರು. ನನಗೆ ಅದು ದುರಾಸೆ ಅನ್ನಿಸಲಿಲ್ಲ. ನಮ್ಮ ಆಟದ ಬೆಲೆ ಇಷ್ಟೇ ಏನು ಎಂದು ಅವರು ಕೇಳಿದ ಪ್ರಶ್ನೆ ನಮ್ಮೆಲ್ಲರಿಗೂ ಸೇರಿದ್ದು.

ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಮೊದಲ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸುವ ಮೊದಲು ಇಲ್ಲಿ ಬಂದಿರುವ ದೈಹಿಕ ಶಿಕ್ಷಣ ಶಿಕ್ಷಕರಿಗೆ ಮೈಕು ಕೊಡಿ. ನಿಮ್ಮ ಶಾಲೆಗೆ ಮೈದಾನವಿದೆಯೇ, ಎಷ್ಟು ಮಕ್ಕಳು ಯಾವ ಆಟ ಆಡುತ್ತಾರೆ, ಯಾವ ತರಗತಿಗೆ ಬರುವಾಗ ಹೆಣ್ಣುಮಕ್ಕಳು ಆಟ ಬಿಡುತ್ತಾರೆ, ಬಿಡಿಸುವವರು ಯಾರು, ಇದನ್ನು ಹೋಬಳಿ ಹೋಬಳಿಯಾಗಿ ಬರೆದುಕೊಳ್ಳಿ. ಸಂಕಿರಣದ ಸಂಪುಟ ಅಚ್ಚಾಗುವಾಗ ಆ ಪಟ್ಟಿ ಮೊದಲ ಪುಟಗಳಲ್ಲಿ ಬರಲಿ. ನಮ್ಮ ಸಿದ್ಧಾಂತಗಳು ಅದರ ನಂತರ ಬರಲಿ.