ದೇಹಕ್ಕೂ ಒಂದು ಹಕ್ಕುಂಟು

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ನಾನು ಹುಡುಗನಾಗಿದ್ದಾಗ ಬೇಸಿಗೆ ಬಂತೆಂದರೆ ನಾರುಹುಣ್ಣಿನ ಕಾಲವೂ ಬಂತೆಂದೇ ಅರ್ಥ. ಕಾಲಿನ ಮೇಲೆ ಬೊಕ್ಕೆಯೊಂದು ಎದ್ದು, ಒಡೆದು, ಒಳಗಿನಿಂದ ಬಿಳಿಯ ದಾರದಂಥ ಹುಳು ತಲೆ ಹಾಕುತ್ತಿತ್ತು. ಒಂದು ವರ್ಷ ಅದು ನನ್ನ ಎಡಗಾಲಿನ ಹರಡಿನ ಬಳಿಯೂ ಕಾಣಿಸಿಕೊಂಡಿತು. ನಮ್ಮ ಓಣಿಯ ಹಕೀಮರೊಬ್ಬರು ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ, ಎರಡು ವಾರಕ್ಕೂ ಮಿಕ್ಕಿ ಎಳೆದರು. ಅವಸರಪಟ್ಟರೆ ಹುಳು ತುಂಡಾಗಿ ಕಾಲು ಬಾತು ಕೀವುಗಟ್ಟುವುದೆಂದು ಅವರು ಬಲ್ಲರು. ಪ್ರತಿದಿನ ಪಟ್ಟಿ ಕಟ್ಟಿ ಕಳಿಸುವಾಗ, ಗಾಯ ಮಾಯುವ ತನಕ ಮೆಟ್ಟಿಲು ಬಾವಿಗೆ ಇಳಿಯಕೂಡದೆಂದು ತಪ್ಪದೆ ಹೇಳುತ್ತಿದ್ದರು. ಅದನ್ನು ನಾನು ಮದ್ದಿನ ಪಥ್ಯವೆಂದೇ ಭಾವಿಸಿದ್ದೆ. ಅವರ ಪಾಲಿಗೆ ಅದು ಧರ್ಮದ ಮಾತೂ ಆಗಿತ್ತೆಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು.

ಈ ಹುಳುವಿನ ಕಥೆ ವಿಚಿತ್ರವಾದುದು. ಹುಣ್ಣಿನ ಕಾಲು ನೀರಿಗೆ ಸೋಂಕಿದೊಡನೆ ಅದು ಸಾವಿರಾರು ಮರಿಗಳನ್ನು ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿ ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ವರ್ಷದೊಳಗೆ ಹುಳು ಮೊಳದುದ್ದ, ಒಮ್ಮೊಮ್ಮೆ ಎರಡು ಮೊಳ ಬೆಳೆದು ಹೊರಬೀಳುತ್ತದೆ. ಹೀಗೆ ಒಬ್ಬನ ಕಾಲಿನ ನೋವು ಇನ್ನೊಬ್ಬನ ಕೊಡದ ನೀರಾಗುತ್ತದೆ. 1037ರಲ್ಲಿ ತೀರಿಕೊಂಡ ಮಹಾವೈದ್ಯ ಇಬ್ನ್ ಸೀನಾ ತನ್ನ ‘ಅಲ್-ಕಾನೂನ್’ ಗ್ರಂಥದಲ್ಲಿ ಇದನ್ನು ಮದೀನಾದ ನರವೆಂದು ವರ್ಣಿಸಿದ್ದಾನೆ. ಹುಳುವಿನ ಶಾಸ್ತ್ರೀಯ ನಾಮದಲ್ಲಿ ಇಂದಿಗೂ ಮದೀನಾದ ಹೆಸರು ಉಳಿದಿದೆ.

ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದೂ, ಜನ ನೀರಿಗೆ ಬರುವ ಕಡೆ, ನಡೆಯುವ ಹಾದಿ, ಕೂರುವ ನೆರಳು ಇವುಗಳನ್ನು ಹೊಲಸು ಮಾಡಬಾರದೆಂದೂ ಪ್ರವಾದಿ ಮುಹಮ್ಮದರು ವಿಧಿಸಿದ್ದರೆಂದು ಹದೀಸುಗಳು ಹೇಳುತ್ತವೆ. ರಾತ್ರಿ ನೀರಿನ ಪಾತ್ರೆಯನ್ನು ಮುಚ್ಚಿಡಬೇಕೆಂದೂ ಇದೆ. ಈ ಮಾತುಗಳು ನಮ್ಮ ನಾರುಹುಳುವನ್ನು ಕುರಿತು ಹುಟ್ಟಿದವೆಂದು ನಾನು ಹೇಳಲಾರೆ. ಹಳೆಯ ಗ್ರಂಥಗಳಲ್ಲಿ ಹೊಸ ವಿಜ್ಞಾನವನ್ನು ಹುಡುಕಿ ತೆಗೆಯುವ ಉತ್ಸಾಹ ನನಗೆ ಅಷ್ಟಾಗಿ ಹಿಡಿಸದು. ಆದರೆ ನೀರಿಗೆ ಇಳಿಯುವವನು ತನ್ನ ಹಿಂದೆ ಬರುವ ಬಾಯಾರಿದವನನ್ನು ನೆನೆಯಬೇಕೆಂಬ ನೀತಿ ಅವುಗಳಲ್ಲಿದೆ. ನಮ್ಮ ಹಕೀಮರು ಆ ನೀತಿಯನ್ನು ಜಾಲಹಳ್ಳಿಯ ಬಾವಿಗೆ ಅನ್ವಯಿಸಿಕೊಂಡಿದ್ದರು, ಅಷ್ಟೆ. ಮುಂದೆ ಸರ್ಕಾರದ ನಿರ್ಮೂಲನ ಕಾರ್ಯಕ್ರಮ ಬಂದಾಗ ಅದು ಸಾರಿದ್ದೂ ಇದನ್ನೇ: ನೀರನ್ನು ಬಟ್ಟೆಯಲ್ಲಿ ಸೋಸಿರಿ, ಹುಣ್ಣಿದ್ದವರು ಬಾವಿಗೆ ಇಳಿಯದಿರಿ. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಾಣಿಸಿಕೊಂಡ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಪರರ ದೇಹದ ಮಾತು ಇದಾಯಿತು. ತನ್ನ ದೇಹದ ವಿಷಯವೋ ಇನ್ನೂ ಕಠಿಣ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಪ್ರಾರ್ಥನೆ ಎಂದು ವ್ರತ ತೊಟ್ಟಿದ್ದ ಅಬ್ದುಲ್ಲಾ ಇಬ್ನ್ ಅಮ್ರ್ ಎಂಬ ತರುಣ ಅನುಯಾಯಿಯನ್ನು ಪ್ರವಾದಿಗಳು ತಡೆದರಂತೆ. ದೇಹಕ್ಕೆ, ಕಣ್ಣಿಗೆ, ಹೆಂಡತಿಗೆ ಅವನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರಂತೆ. ‘ಹಕ್ಕು’ ಎಂಬ ಈ ಶಬ್ದ ಅರಬ್ಬಿಯಿಂದ ಬಂದು ಕನ್ನಡದ್ದೇ ಆಗಿಹೋಗಿದೆ. ನಾವು ಅದನ್ನು ಹೊಲಮನೆಗಳ ವ್ಯಾಜ್ಯದಲ್ಲಿ ಬಳಸುತ್ತೇವೆಯೇ ಹೊರತು ನಮ್ಮ ಮೈಗೆ ಸಲ್ಲಬೇಕಾದುದರ ಬಗ್ಗೆ ಬಳಸುವುದಿಲ್ಲ.

1988ರಲ್ಲಿ ರಂಜಾನ್ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿದ್ದಿತು. ನಮ್ಮ ಸೀಮೆಯ ಆ ಬಿಸಿಲನ್ನು ಬಲ್ಲವರೇ ಬಲ್ಲರು. ಹಕೀಮರಿಗೆ ಅಷ್ಟರಲ್ಲಿ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯೂ ಅಂಟಿತ್ತು. ಊರಿಗೆಲ್ಲ ಪಥ್ಯ ಹೇಳಿದ ಆ ಮನುಷ್ಯ ತಾನು ಮಾತ್ರ ರೋಜಾ ಬಿಡಲೊಲ್ಲೆನೆಂದು ಹಟ ಹಿಡಿದರು. ನಾಲ್ಕನೆಯ ದಿನ ಅಂಗಳದಲ್ಲಿ ಕುಸಿದರು. ಸುದ್ದಿ ಕೇಳಿ ಬಂದ ಮಸೀದಿಯ ಇಮಾಮರು ಬಹಳ ಮಾತಾಡಲಿಲ್ಲ. ರೋಗಿಗೂ ಪ್ರಯಾಣಿಕನಿಗೂ ಕುರಾನೇ ಉಪವಾಸದಿಂದ ವಿನಾಯಿತಿ ಕೊಟ್ಟಿರುವಾಗ ಅದನ್ನು ತಿರಸ್ಕರಿಸುವುದು ಭಕ್ತಿಯೋ ಬಿಗುಮಾನವೋ ಎಂದು ಕೇಳಿದರು. ಗುಣವಾಗುವ ರೋಗಿ ಬಿಟ್ಟ ದಿನಗಳನ್ನು ಮುಂದೆ ಆಚರಿಸಬಹುದು. ಗುಣವಾಗದವನು ದಿನಕ್ಕೊಬ್ಬ ಬಡವನಿಗೆ ಉಣಬಡಿಸಿದರೆ ಸಾಕು.

ಹಕೀಮರು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಸುಮ್ಮನಿದ್ದರು. ಇತರರಿಗೆ ಪಥ್ಯ ಹೇಳುವವನಿಗೆ ತನ್ನ ರೋಗವನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಾನು ಅಂದು ಕಂಡೆ. ಕೊನೆಗೆ ಸೊಸೆ ತಂದ ನೀರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದರು.

ಆ ತಿಂಗಳು ಮುಗಿಯುವ ತನಕ ಪ್ರತಿ ಸಂಜೆ ಅವರ ಮೊಮ್ಮಗ ಬಟ್ಟೆ ಮುಚ್ಚಿದ ಬುತ್ತಿಯೊಂದನ್ನು ಹಿಡಿದು, ಹಳೆಯ ಮೆಟ್ಟಿಲು ಬಾವಿಯನ್ನು ದಾಟಿ, ಊರ ಕೊನೆಯ ಓಣಿಗೆ ಹೋಗುತ್ತಿದ್ದ.