ಎಂಟನೇ ತರಗತಿಗೆ ಮುಂಚೆ, ಒಂದನೇ ತರಗತಿಗೂ ಮುಂಚೆ

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೈಸ್ಕೂಲಿನ ಹಬ್ಬದಲ್ಲಿ ತೊಟ್ಟಿಲ ಕೂಸಿನ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಎಂಟನೇ ತರಗತಿಗೆ ಬಂದ ಹುಡುಗನಿಗೆ ನೆಟ್ಟಗೆ ಓದಲು ಬರುವುದಿಲ್ಲ ಎಂದು ಇಲ್ಲಿನ ಶಿಕ್ಷಕರು ಪ್ರಾಥಮಿಕ ಶಾಲೆಯ ಕಡೆ ಕೈ ತೋರಿಸುತ್ತಾರೆ. ಅವರು ಅಂಗನವಾಡಿಯ ಕಡೆ ತೋರಿಸುತ್ತಾರೆ. ಅಂಗನವಾಡಿ ಮೇಲ್ವಿಚಾರಕಿಯಾಗಿ ಶಹಾಪುರ, ಸುರಪುರ ತಾಲ್ಲೂಕುಗಳ ಹಳ್ಳಿ, ತಾಂಡಾ ಸುತ್ತಿದ ನಾನು ಇನ್ನೂ ಹಿಂದಕ್ಕೆ, ಮನೆಯ ಕಡೆ ಕೈ ತೋರಿಸಬೇಕಾಗಿದೆ. ಬೈಯಲಿಕ್ಕಲ್ಲ, ಮನೆಯಲ್ಲಿ ಆಗಬಹುದಾದ ಕೆಲಸ ಬಹಳ ಇದೆ ಅಂತ.

ಹುಟ್ಟಿದ ಕೂಸಿನ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದಷ್ಟು ತೂಗುತ್ತದೆ. ಎರಡು ವರ್ಷ ತುಂಬುವುದರೊಳಗೆ ಮುಕ್ಕಾಲು ಭಾಗ ಬೆಳೆದಿರುತ್ತದೆ, ಆರು ವರ್ಷಕ್ಕೆ ಸುಮಾರು 90 ಭಾಗ. ಬರೀ ತೂಕವಲ್ಲ, ಒಳಗಿನ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದೂ ಆಗಲೇ. ಹೊಲದ ಕಾಲುದಾರಿಯ ಹಾಗೆ, ದಿನಾ ನಡೆದರೆ ದಾರಿ ಉಳಿಯುತ್ತದೆ, ನಡೆಯದಿದ್ದರೆ ಹುಲ್ಲು ಬೆಳೆಯುತ್ತದೆ. ಆರು ವರ್ಷದ ಮೇಲೆ ಕಲಿಕೆಯ ಬಾಗಿಲು ಮುಚ್ಚುತ್ತದೆ ಎಂದಲ್ಲ. ಹಾಗಿದ್ದರೆ ಈ ಶಾಲೆಯೇ ಬೇಕಿರಲಿಲ್ಲ. ಆದರೆ ಆಗ ಸುಲಭವಾಗಿ ಆಗುವ ಕೆಲಸಕ್ಕೆ ಮುಂದೆ ಶಿಕ್ಷಕರು ಹತ್ತು ಪಟ್ಟು ಬೆವರು ಸುರಿಸಬೇಕಾಗುತ್ತದೆ.

ನಮ್ಮ ಯಾದಗಿರಿ ಜಿಲ್ಲೆಯ ಸ್ಥಿತಿ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆ ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಕೂಸು ಮಾತ್ರ ಬೆಳೆಯಲಿಲ್ಲ. ಕಾರಣ ಒಂದಲ್ಲ. ಹದಿನಾರಕ್ಕೇ ಮದುವೆಯಾದ ಹುಡುಗಿ ತಾನೇ ಬೆಳೆಯುವ ವಯಸ್ಸಿನಲ್ಲಿ ಹೊಟ್ಟೆಯೊಳಗಿನ ಕೂಸನ್ನು ಬೆಳೆಸಬೇಕು, ಮೈಯಲ್ಲಿ ರಕ್ತವಿಲ್ಲದೆ. ಈ ಶಾಲೆಯ ಒಂಬತ್ತನೇ ತರಗತಿಯಿಂದ ಒಬ್ಬ ಹುಡುಗಿ ಬಿಟ್ಟು ಹೋದರೆ ಅದು ಅವಳ ಕೂಸಿನ ಮಿದುಳಿಗೂ ಸಂಬಂಧಿಸಿದ ವಿಷಯ ಎಂದು ಇಲ್ಲಿ ಕೂತ ತಂದೆಯರು ತಿಳಿಯಬೇಕು.

ಊಟದ ಮಾತು ನೀವು ಬಹಳ ಕೇಳಿದ್ದೀರಿ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು, ಅದಕ್ಕೂ ಈಗ ಐವತ್ತರ ವಯಸ್ಸು. 2017ರಿಂದ ಮಾತೃಪೂರ್ಣ ಬಂತು, ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ. ತತ್ತಿ, ಹಾಲು ಇವೆ. ನನ್ನ ಒಂದೇ ತಕರಾರು ಚಹಾದ ಬಗ್ಗೆ. ಅಳುವ ಕೂಸಿಗೆ ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಡುವುದು ನಮ್ಮಲ್ಲಿ ಮುದ್ದಿನ ಗುರುತು. ಚಹಾ ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಕಬ್ಬಿಣಾಂಶವಿಲ್ಲದ ಕೂಸು ಮಂಕಾಗಿ ಕೂಡುತ್ತದೆ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಜೋಳದ ನುಚ್ಚು, ತೊಗರಿಬೇಳೆ, ಸೊಪ್ಪು, ತತ್ತಿ ಮೆತ್ತಗೆ ಮಾಡಿ ಉಣಿಸಿ.

ಆದರೆ ಊಟ ಒಂದೇ ಸಾಲದು. ಜಮೈಕಾ ಎಂಬ ಬಡ ದ್ವೀಪದೇಶದ ಕಿಂಗ್‌ಸ್ಟನ್ ನಗರದಲ್ಲಿ 1986-87ರಲ್ಲಿ ನಮ್ಮ ಮಕ್ಕಳ ಹಾಗೆಯೇ ಬೆಳವಣಿಗೆ ಕುಂಠಿತವಾದ 129 ಎಳೆ ಮಕ್ಕಳ ಮೇಲೆ ಒಂದು ಅಧ್ಯಯನ ಶುರುವಾಯಿತು. ಕೆಲವರಿಗೆ ಹಾಲಿನ ಪುಡಿ ಕೊಟ್ಟರು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ, ಮನೆಯ ಹಳೆ ಡಬ್ಬಿ, ಬಟ್ಟೆಗಳಿಂದಲೇ ಆಟಿಗೆ ಮಾಡಿ, ಕೂಸಿನ ಜೊತೆ ಆಡುವುದು, ಮಾತಾಡುವುದು ಹೇಗೆ ಎಂದು ತಾಯಿಗೆ ತೋರಿಸಿದಳು. ಕೆಲವರಿಗೆ ಎರಡೂ ಸಿಕ್ಕವು, ಕೆಲವರಿಗೆ ಎರಡೂ ಇಲ್ಲ. ಇದು ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷದ ನಂತರ ನೋಡಿದರೆ, ಆಟ ಮಾತು ಸಿಕ್ಕವರ ದುಡಿಮೆ ಅವು ಸಿಗದವರಿಗಿಂತ ಶೇಕಡಾ 25 ಹೆಚ್ಚಿತ್ತು. ಬರೀ ಹಾಲಿನ ಪುಡಿಯ ಲಾಭ ಅಷ್ಟು ದೂರ ಬಾಳಲಿಲ್ಲ.

ನಮ್ಮ ಮನೆಗಳಲ್ಲಿ ಕೂಸಿನ ಜೊತೆ ಏಕೆ ಮಾತಾಡುವುದಿಲ್ಲ ಎಂದು ಕೇಳಿದರೆ, “ಅದಕ್ಕೇನ್ ತಿಳೀತದ ಬಿಡ್ರಿ, ಇನ್ನಾ ಮಾತೇ ಬರಂಗಿಲ್ಲ” ಅನ್ನುತ್ತಾರೆ. ಮಾತು ಬರುವುದೇ ಕೇಳಿ ಕೇಳಿ. ಅದು ‘ಆ’ ಅಂದಾಗ ನೀವೂ ‘ಆ’ ಅನ್ನಿ, ಕಾದು ನೋಡಿ, ಅದು ಮತ್ತೆ ಅನ್ನುತ್ತದೆ. ರೊಟ್ಟಿ ಬಡಿಯುತ್ತಾ ಹಿಟ್ಟಿನ ಹೆಸರು ಹೇಳಿ, ನೀರು ಹಾಕುತ್ತಾ ಕಿವಿ, ಮೂಗು ಹೇಳಿ. ತಾಂಡಾದಲ್ಲಿ ಲಂಬಾಣಿಯಲ್ಲೇ ಮಾತಾಡಿ, ಉರ್ದು ಮನೆಯಲ್ಲಿ ಉರ್ದುವಿನಲ್ಲೇ. ಮನೆಮಾತು ಗಟ್ಟಿಯಾದ ಮಗುವಿಗೆ ಶಾಲೆಯ ಕನ್ನಡ ಭಾರವಾಗುವುದಿಲ್ಲ. ಮುತ್ಯಾ, ಆಯಿ ಇರುವ ಮನೆಯಲ್ಲಿ ಇದಕ್ಕೆ ಪುಸ್ತಕವೂ ಬೇಡ. ಈಗ ಮುತ್ಯಾನ ಜಾಗದಲ್ಲಿ ಮೊಬೈಲು ಕೂತಿದೆ. ಒಂದು ವರ್ಷದೊಳಗಿನ ಕೂಸಿಗೆ ಅದನ್ನು ತೋರಿಸಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕೂಸು ನಕ್ಕರೆ ಮೊಬೈಲು ತಿರುಗಿ ನಗುವುದಿಲ್ಲ.

ಇದೆಲ್ಲ ಕೂಸು ಊರಲ್ಲಿದ್ದರೆ ತಾನೇ? ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೊರಡುವವರ ಬಗಲಲ್ಲಿ ಅದೂ ಹೋಗುತ್ತದೆ. ಅವ್ವ ಇಟ್ಟಿಗೆ ಹೊರುತ್ತಾಳೆ, ಆರು ವರ್ಷದ ಅಕ್ಕ ತಮ್ಮನನ್ನು ನೋಡಿಕೊಳ್ಳುತ್ತಾಳೆ, ಹಾಗೆ ಎರಡು ಮಕ್ಕಳ ಕಲಿಕೆ ಒಟ್ಟಿಗೇ ನಿಲ್ಲುತ್ತದೆ. ಹೊಟ್ಟೆಪಾಡಿಗೆ ಹೋಗುವವರಿಗೆ ಹೋಗಬೇಡಿ ಎನ್ನಲು ನಾನು ಯಾರು? ಇಲ್ಲೇ ಉದ್ಯೋಗ ಖಾತ್ರಿ ಕೆಲಸ ಸಿಕ್ಕು, ಪಂಚಾಯಿತಿಯ ‘ಕೂಸಿನ ಮನೆ’ ಬೆಳಗ್ಗೆ ಸಮಯಕ್ಕೆ ಬಾಗಿಲು ತೆರೆದರೆ ಕೆಲವರಾದರೂ ಉಳಿದಾರು. ಪಂಚಾಯಿತಿ ಸದಸ್ಯರು ಮುಂದಿನ ಸಾಲಿನಲ್ಲೇ ಇದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ. ಹೋಗಲೇಬೇಕಾದವರು ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗಿ. ಅಲ್ಲಿಯ ಅಂಗನವಾಡಿಯಲ್ಲಿ ಅದನ್ನು ತೋರಿಸಿ ಕೂಸಿನ ಹೆಸರು ಬರೆಸಿ. ಹೊರಡುವ ಮುನ್ನ ಇಲ್ಲಿಯ ಕಾರ್ಯಕರ್ತೆಗೆ ಒಂದು ಮಾತು ಹೇಳಿ, ಮರಳಿ ಬಂದ ದಿನ ಅವಳು ಕೂಸಿನ ತೂಕ, ಎತ್ತರ ಮತ್ತೆ ಬರೆದುಕೊಳ್ಳುತ್ತಾಳೆ.

ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳು ಬಹಳ ಜನ ಬಂದಿದ್ದೀರಿ. ನಮ್ಮೂರಿನವರು ಯಾವ ಬಡಾವಣೆಯ ಕಟ್ಟಡದ ಕೆಲಸದಲ್ಲಿದ್ದಾರೆ ಎಂದು ಕಾರ್ಯಕರ್ತೆಯರು ಹೇಳಬಲ್ಲರು. ಊಟದ ಪಂಗತಿಯಲ್ಲಿ ಅವರ ಪಕ್ಕ ಕೂತು ಫೋನ್ ನಂಬರ್ ಬರೆದುಕೊಳ್ಳಿ.