ಬಂಡೆ ಆರುವ ಹೊತ್ತು



ಓದಿಗಾಗಿ, ಮುಂದೆ ಉದ್ಯೋಗಕ್ಕಾಗಿ ನಿಮ್ಮಲ್ಲಿ ಅನೇಕರು ಹುಟ್ಟಿದ ಊರನ್ನು ಬಿಟ್ಟು ಹೋಗುವವರು. ಹೊಸ ಊರಿನ ಊಟ ಒಗ್ಗುತ್ತದೆ, ಮಾತು ಒಗ್ಗುತ್ತದೆ, ಗೆಳೆಯರೂ ಸಿಗುತ್ತಾರೆ. ಆದರೆ ಹಾಸ್ಟೆಲಿನ ಕಿಟಕಿಯಾಚೆಗಿನ ನೆಲ ಮಾತ್ರ ಬಹುಕಾಲ ಪರಕೀಯವಾಗಿಯೇ ಉಳಿಯುತ್ತದೆ. ಇದು ನಮ್ಮ ಬೆಟ್ಟವಲ್ಲ, ನಮ್ಮ ಮಳೆಯಲ್ಲ ಎಂದು ಮನಸ್ಸು ಹೇಳುತ್ತಲೇ ಇರುತ್ತದೆ. ಅಪರಿಚಿತವಾದ ನೆಲವೊಂದು ನಮಗೆ ಆತ್ಮೀಯವಾಗುವುದು ಹೇಗೆ? ನನಗೆ ದೊರೆತ ಉತ್ತರವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಆಗುಂಬೆ ಸಮೀಪದ ಹಳ್ಳಿಯಲ್ಲಿ. ಆಗುಂಬೆಯೆಂದರೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗ. ಕಾಡು, ಹಾವಸೆ, ಹರಿಯುವ ನೀರು ಇಲ್ಲದ ಸ್ಥಳವನ್ನು ನಿಸರ್ಗವೆಂದು ಕರೆಯಲು ನನಗೆ ನಾಲಗೆಯೇ ಏಳುತ್ತಿರಲಿಲ್ಲ. ಹೀಗಿರುವಾಗ ಕೆಲವು ವರ್ಷಗಳ ಹಿಂದೆ, ಸಾಕ್ಷ್ಯಚಿತ್ರವೊಂದರ ಚಿತ್ರೀಕರಣಕ್ಕಾಗಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿಗೆ ಹೋಗಬೇಕಾಯಿತು. ಏಪ್ರಿಲ್ ತಿಂಗಳು. ಗುಡ್ಡ ಏರುವಷ್ಟರಲ್ಲಿ ನೀರಿನ ಬಾಟಲಿಗಳು ಬರಿದಾಗಿದ್ದವು. ಮೇಲೆ ನೋಡಿದರೆ ಬಂಡೆ, ಅದರಾಚೆ ಬಂಡೆ, ನಡುವೆ ಒಣಗಿದ ಕುರುಚಲು ಗಿಡ. ಕ್ಯಾಮೆರಾವನ್ನು ಎತ್ತ ತಿರುಗಿಸಲಿ ಎಂದು ಛಾಯಾಗ್ರಾಹಕರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ‘ಬೋಳು, ಬಂಜರು’ ಎಂದು ಎರಡೇ ಶಬ್ದ ಬರೆದುಕೊಂಡೆ.

ಬಂಡೆಯ ನೆರಳಿನಲ್ಲಿ ಕುರಿ ಕಾಯುವ ಹಿರಿಯರೊಬ್ಬರು ಕುಳಿತಿದ್ದರು. ನಮ್ಮ ಪರದಾಟವನ್ನು ನೋಡಿ ನಕ್ಕು ಹೇಳಿದರು: “ಸುಡೋ ಬಿಸಿಲಾಗ ಇದರ ಮುಖಾ ನೋಡಬ್ಯಾಡ್ರಿ ಸರ. ಕಲ್ಲು ಆರೂ ಹೊತ್ತಿಗೆ ಬರ್ರಿ. ಸುಮ್ನ ಕುಂತು ನೋಡ್ರಿ.”

ಅವರ ಮಾತಿನಂತೆ ಸಂಜೆ ಮತ್ತೆ ಹತ್ತಿದೆವು. ಸೂರ್ಯ ಮುಳುಗುತ್ತಿದ್ದ. ದಣಿದಿದ್ದ ನಾನು ಒಂದು ಹಾಸುಬಂಡೆಯ ಮೇಲೆ ಬೆನ್ನು ಚೆಲ್ಲಿದೆ. ಗಾಳಿ ತಂಪಾಗಿತ್ತು, ಕಲ್ಲು ಮಾತ್ರ ಬೆಚ್ಚಗಿತ್ತು. ನಮ್ಮೂರಿನ ಬಂಡೆಗಳು ಸದಾ ತಣ್ಣಗೆ, ಹಾವಸೆ ಹಿಡಿದು ಜಾರುತ್ತಿದ್ದವು. ಬಂಡೆಯೊಂದು ಹೀಗೆ ಬೆನ್ನಿಗೆ ಶಾಖ ಕೊಡಬಹುದೆಂದು ನಾನು ಎಣಿಸಿರಲಿಲ್ಲ. ಇದರ ಕಾರಣ ನಿಮಗೂ ತಿಳಿದದ್ದೇ. ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ಆ ಭಾರಿ ಬಂಡೆ ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಪಾಠದಲ್ಲಿ ಓದಿದ್ದ ಉಷ್ಣದ ವಿಷಯ ಮೊದಲ ಬಾರಿಗೆ ನನ್ನ ಮೈಗೆ ತಾಗಿತು. ಬೆಳಗಿನಿಂದ ಕಾಡಿದ್ದ ಅಸಹನೆ ಅಲ್ಲಿಗೆ ಕರಗಿತು. ಬಹಳ ಹೊತ್ತು ನಾವು ಯಾರೂ ಮಾತನಾಡಲಿಲ್ಲ.

ಮರುದಿನದಿಂದ ಆ ಕಲ್ಲುಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಈ ಸೀಮೆಯ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಭೂಮಿಯ ಆಯಸ್ಸಿನ ಅರ್ಧಕ್ಕಿಂತ ಹೆಚ್ಚು! ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣಿದು ಅದು ಗಟ್ಟಿಯಾಯಿತು. ಮೇಲಿನ ಪದರಗಳು ಸವೆದಂತೆ ಭಾರ ಇಳಿದು ಬಿರುಕು ಬಿಟ್ಟಿತು. ಬಿರುಕಿಗೆ ಇಳಿದ ನೀರು ಮೂಲೆಗಳನ್ನು ಬೇಗ ಕೊರೆದು ಕಲ್ಲನ್ನು ದುಂಡಗಾಗಿಸಿತು. ಕೊಳೆತ ಭಾಗ ಮಣ್ಣಾಗಿ ಕೊಚ್ಚಿಹೋಯಿತು, ಗಟ್ಟಿ ಭಾಗ ನಿಂತಿತು. ಯಾರೋ ಪೇರಿಸಿಟ್ಟಂತೆ ಕಾಣುವ ಈ ಬಂಡೆಗಳನ್ನು ಯಾರೂ ಪೇರಿಸಿಲ್ಲ. ಉಳಿದದ್ದೆಲ್ಲ ಹೋದ ಮೇಲೆ ಇವು ಉಳಿದಿವೆ.

ಅಲ್ಲಿ ಮನುಷ್ಯರ ಕೈಯ ಕೆಲಸವೂ ಇದೆ. ಊರವರು ಮೋರ್ಯರ ಗುಡ್ಡ ಎನ್ನುವ ಆ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಸ್ಮಾರಕಗಳಿವೆ, ಅವುಗಳಲ್ಲಿ ಹಲವು ಕಲ್ಮನೆಗಳು. ಎರಡು ಸಾವಿರ ವರ್ಷಗಳಿಗೂ ಹಿಂದೆ ಜನ ತಮ್ಮವರಲ್ಲಿ ತೀರಿಹೋದವರಿಗಾಗಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಮನೆಗಳು ಅವು. ಕೆಲವು ಆಳೆತ್ತರವನ್ನೂ ಮೀರುತ್ತವೆ. ಅನೇಕ ಮನೆಗಳ ಗೋಡೆಯಲ್ಲಿ ಒಂದು ದುಂಡು ಕಿಂಡಿ ಇದೆ. ಗ್ರಾನೈಟ್ ಈರುಳ್ಳಿಯಂತೆ ಪದರ ಪದರವಾಗಿ ಬಿಡುತ್ತದೆಂಬ ಗುಟ್ಟನ್ನು ಅವರು ಅರಿತಿದ್ದರು; ಆ ಪದರಗಳನ್ನೇ ಎಬ್ಬಿಸಿ ಬಳಸಿಕೊಂಡರು. ತಾವು ಪ್ರೀತಿಸಿದವರನ್ನು ಒಪ್ಪಿಸಲು ಈ ಕಲ್ಲನ್ನು ನಂಬಿದರು. ಅಂಥ ನೆಲದ ಮೇಲೆ ನಿಂತು ನಾನು ಬಂಜರು ಎಂದು ಬರೆದಿದ್ದೆ! ಆ ರಾತ್ರಿ ಆ ಶಬ್ದವನ್ನು ಹೊಡೆದುಹಾಕಿದೆ.

ಮಿತ್ರರೇ, ಇದು ಶಬ್ದವೊಂದರ ವಿಚಾರ ಮಾತ್ರವಲ್ಲ. ಬಂಜರು ಎಂದು ಹೆಸರಿಟ್ಟ ನೆಲವನ್ನು ಒಡೆಯಲು ನಮಗೆ ನೋವಾಗುವುದಿಲ್ಲ. ನಮ್ಮ ರಾಜ್ಯದ ಎಷ್ಟೋ ಕಲ್ಲುಗುಡ್ಡಗಳು ಕ್ವಾರಿಗಳಾಗಿ, ಜಲ್ಲಿಯಾಗಿ ಮಾಯವಾಗಿವೆ. ರಸ್ತೆಗೆ ಜಲ್ಲಿ ಬೇಕು, ಮನೆಗೆ ಕಲ್ಲು ಬೇಕು, ನಿಜ. ಆದರೆ ಕಡಿದ ಕಾಡು ಬೆಳೆಯಬಹುದು, ಒಡೆದ ಬೆಟ್ಟ ಬೆಳೆಯದು. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಯಾವ ಪಟ್ಟಿಗೂ ಸೇರದ ಗುಡ್ಡಗಳನ್ನು ಕಾಯುವವರು ಯಾರು? ಅವುಗಳೊಡನೆ ನಂಟು ಬೆಳೆಸಿಕೊಂಡವರು ಮಾತ್ರ.

ನಿಸರ್ಗದೊಡನೆ ಆಧ್ಯಾತ್ಮಿಕ ಸಂಬಂಧ ಎಂದಾಗ ಅದೇನೋ ದಿವ್ಯದರ್ಶನವಿರಬೇಕೆಂದು ನಾವು ಭಾವಿಸುತ್ತೇವೆ. ನನಗೆ ಅಂಥದ್ದೇನೂ ಆಗಲಿಲ್ಲ. ನನಗಿಂತ ಅಪಾರವಾಗಿ ಹಿರಿದಾದದ್ದರ ಮಡಿಲಲ್ಲಿ ನಾನೊಬ್ಬ ಅತಿಥಿ ಎಂಬ ಅರಿವಾಯಿತು, ಆ ಅರಿವಿನಿಂದ ಮನಸ್ಸು ಹಗುರಾಯಿತು, ಅಷ್ಟೆ. ವಿಜ್ಞಾನ ಈ ಬೆರಗನ್ನು ಕಡಿಮೆ ಮಾಡಲಿಲ್ಲ. ಅಂಗೈ ಕೆಳಗಿನ ಶಿಲೆಯ ವಯಸ್ಸು ತಿಳಿದ ಮೇಲೆ ಅದನ್ನು ಮುಟ್ಟುವ ರೀತಿಯೇ ಬದಲಾಯಿತು.

ಆದ್ದರಿಂದ ಹೊಸ ನೆಲಕ್ಕೆ ಹೋದಾಗ ನಿಮ್ಮೂರಿನ ಅಳತೆಗೋಲನ್ನು ಸ್ವಲ್ಪ ಕಾಲ ಕೆಳಗಿಡಿ. ಒಂದೇ ಜಾಗವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ಅಲ್ಲಿನ ಗಿಡ, ಹಕ್ಕಿ, ಗುಡ್ಡಗಳಿಗೆ ಸ್ಥಳೀಯರು ಇಟ್ಟ ಹೆಸರನ್ನು ಕೇಳಿ ತಿಳಿಯಿರಿ. ಆ ನೆಲ ಹೇಗೆ ಹುಟ್ಟಿತೆಂದು ನಿಮ್ಮ ಗ್ರಂಥಾಲಯದಲ್ಲಿ ಹುಡುಕಿ. ಆಮೇಲೆ ಸುಮ್ಮನೆ ಕುಳಿತುಕೊಳ್ಳಿ. ಪ್ರತಿಯೊಂದು ನೆಲಕ್ಕೂ ಬಂಡೆ ಆರುವಂಥ ಒಂದು ಹೊತ್ತು ಇರುತ್ತದೆ. ಅದಕ್ಕಾಗಿ ಕಾಯುವ ತಾಳ್ಮೆ ನಿಮಗಿರಲಿ.